ಹಸಿರು ಬಂದ ಫೈಲು

ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಹಸಿರು ಟಿಕ್ ಗುರುತು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ವಾಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಆ ಗುರುತು ಬಂತೆಂದರೆ ಕೆಲಸ ಮುಗಿಯಿತು ಎಂದೇ ಅರ್ಥ. ಫೈಲಿನೊಳಗೆ ಯಾರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿದವರನ್ನು ನಾನು ಅಲ್ಲಿದ್ದ ಮೂರು ವರ್ಷದಲ್ಲಿ ಒಮ್ಮೆಯೂ ಕಾಣಲಿಲ್ಲ. ಹಸಿರು ಬಂತಾ? ಬಂತು. ಹಾಗಾದರೆ ಚಾ ತರಿಸಿ. ಇಷ್ಟೇ ಅಲ್ಲಿಯವರ ಜ್ಞಾನ.

ಆಫೀಸು ಎನ್ನುವುದೂ ದೊಡ್ಡ ಮಾತೇ. ಸ್ಟೇಷನ್ನಿನಿಂದ ಹೊರಬಂದು ಎಡಕ್ಕೆ ಹೊರಳಿದರೆ ಒಂದು ಹಾರ್ಡ್‌ವೇರ್ ಅಂಗಡಿ, ಅದರ ಮಹಡಿಯ ಮೇಲೆ ಎರಡು ಖೋಲಿ. ಐದು ಕಂಪ್ಯೂಟರುಗಳಲ್ಲಿ ನಾಲ್ಕು ನಡೆಯುತ್ತಿದ್ದವು. ಸಿಮೆಂಟಿನ ಧೂಳು ಕೀಬೋರ್ಡಿನ ಸಂದಿಯಲ್ಲಿ ಕೂತು, ಮಳೆಗಾಲದ ಥಂಡಿಗೆ ಗಟ್ಟಿಯಾಗಿ, ಎರಡೆರಡು ಸಲ ಕುಟ್ಟಿದರೂ ಕೆಲವು ಕೀಲಿಗಳು ಏಳುತ್ತಿರಲಿಲ್ಲ. ನಾನು ಶಹಾಬಾದದಿಂದ ಮುಂಜಾನೆಯ ಗಾಡಿಗೆ ಬಂದು ಸಂಜೆಯ ಗಾಡಿಗೆ ವಾಪಸು ಹೋಗುತ್ತಿದ್ದೆ.

ಅದಕ್ಕೂ ಮೊದಲು ಎಂಟು ವರ್ಷ ಶಹಾಬಾದದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಅಕ್ಷರ ಜೋಡಿಸುತ್ತಿದ್ದೆ. ಅಲ್ಲಿ ನನಗೆ ಬಂದ ವಿದ್ಯೆ ಎರಡೇ. ಎಷ್ಟೇ ಉದ್ದದ ಬಂಧುಬಳಗವನ್ನಾದರೂ ಒಂದು ಕಾರ್ಡಿನಲ್ಲಿ ಹಿಡಿಸುವುದು ಒಂದು. ವಧೂವರರ ಹೆಸರಿನ ನಡುವೆ & ಎನ್ನುವ ಗುರುತನ್ನು ಬಳ್ಳಿಯ ಹಾಗೆ ಸುತ್ತಿಸಿ ಕೂರಿಸುವುದು ಇನ್ನೊಂದು. ಆ ಗುರುತಿನ ಮೇಲೆ ನನಗೆ ಭಾರೀ ಮೋಹ. ಗಿರಾಕಿಗಳೂ ‘ಅದೊಂದು ಛಂದ ಹಾಕ್ರಿ ಅಕ್ಕಾರ’ ಎಂದು ಹೇಳಿಯೇ ಹೋಗುತ್ತಿದ್ದರು. ನನ್ನ ಧಿಮಾಕಿಗೆ ಅಷ್ಟು ಸಾಕಾಗಿತ್ತು.

ವಾಡಿಯ ಆಫೀಸಿಗೆ ಬಂದ ಗುತ್ತಿಗೆ ಹೀಗಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಕಡೆ ಯಾವಾಗಲೋ ಶಾಲೆ ಬಿಟ್ಟು, ಈಗ ಹೊರಗಿನಿಂದ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟುವ ದೊಡ್ಡವರಿದ್ದರು. ಅವರ ಅರ್ಜಿಗಳನ್ನು ಒಟ್ಟು ಮಾಡಿ, ಕಂಪ್ಯೂಟರಿಗೆ ಏರಿಸಿ, ಎಕ್ಸ್‌ಎಮ್‌ಎಲ್ ಎನ್ನುವ ಬಗೆಯ ಫೈಲು ಮಾಡಿ ಮೇಲಕ್ಕೆ ಕಳಿಸಬೇಕು. ಮೇಲಿನವರ ಯಂತ್ರ ಅದನ್ನು ಓದಿಕೊಂಡು ಹಾಲ್ ಟಿಕೆಟ್ ಹೊರಡಿಸುತ್ತದೆ. ಫೈಲಿನಲ್ಲಿ ಹೆಸರಿದ್ದರೆ ಪರೀಕ್ಷೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಎಕ್ಸ್‌ಎಮ್‌ಎಲ್‌ನಲ್ಲಿ ಗೂಢವೇನೂ ಇಲ್ಲ. ಪ್ರತಿ ಸಂಗತಿಯನ್ನೂ ಎರಡು ಚೀಟಿಗಳ ನಡುವೆ ಇಡಬೇಕು. ಇಲ್ಲಿಂದ ಹೆಸರು ಶುರು, ಇಲ್ಲಿಗೆ ಹೆಸರು ಮುಗಿಯಿತು. ಇಲ್ಲಿಂದ ಊರು ಶುರು, ಇಲ್ಲಿಗೆ ಊರು ಮುಗಿಯಿತು. ಆ ಚೀಟಿಗಳನ್ನು < ಮತ್ತು > ಎಂಬ ಗುರುತುಗಳಿಂದ ಕಟ್ಟುತ್ತಾರೆ. ಹಾಗಾಗಿ ಚೀಟಿ ಕಟ್ಟುವ ಗುರುತನ್ನು ಹೆಸರಿನೊಳಗೆ ಹಾಗೇ ಬರೆಯುವಂತಿಲ್ಲ. & ಗುರುತಿಗೂ ಅಲ್ಲಿ ಬೇರೆ ನೌಕರಿ ಇದೆ. ಯಂತ್ರ ಅದನ್ನು ಕಂಡಕೂಡಲೇ, ಇದರ ಹಿಂದೆ ಏನೋ ಸಂಕೇತ ಬರುತ್ತದೆ ಎಂದು ಕಾಯುತ್ತದೆ. ಬರಲಿಲ್ಲವೋ, ಆ ಒಂದು ಗುರುತಿಗಾಗಿ ಇಡೀ ಫೈಲನ್ನು ವಾಪಸು ಎಸೆಯುತ್ತದೆ. ಪರಿಹಾರವೂ ಸಣ್ಣದೇ. ಬರೀ & ಇದ್ದಲ್ಲಿ &amp; ಎಂದು ಬರೆದರೆ ಯಂತ್ರ ಅದನ್ನು ಸಾದಾ & ಎಂದು ಓದಿಕೊಂಡು ಮುಂದೆ ಹೋಗುತ್ತದೆ. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ತಲೆ ಓಡಿಸಲಾಗದವರು ನಮ್ಮ ಆಫೀಸಿನಲ್ಲಿ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಓಡಾಡುತ್ತಿದ್ದರು.

ಅವರಲ್ಲಿ ಮೊದಲನೆಯವನು ನಮ್ಮ ಮ್ಯಾನೇಜರ್. ದಿನಾ ಕಲಬುರಗಿಯಿಂದ ಬರುತ್ತಿದ್ದ. ತನ್ನ ಆರು ಸರ್ಟಿಫಿಕೇಟುಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಒಂದು ದಿನ ಅವನಿಲ್ಲದಾಗ ನಾನು ಹತ್ತಿರ ಹೋಗಿ ಓದಿದೆ. ಒಂದರಲ್ಲೂ ಅವನು ಏನು ಕಲಿತನೆಂದು ಬರೆದಿರಲಿಲ್ಲ. ತರಬೇತಿಗೆ ಹಾಜರಿದ್ದನೆಂದು ಮಾತ್ರ ಬರೆದಿತ್ತು. ಖರೇ ಹೇಳಬೇಕೆಂದರೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲು ಬಂದದ್ದು ಸೇಡಂ ಫೈಲು. ಅಲ್ಲಿ ನಮ್ಮ ಪರವಾಗಿ ಅರ್ಜಿ ಟೈಪು ಮಾಡುತ್ತಿದ್ದವನು ಆಡಕಿ ಕಡೆಯವನು, ಹಳೆಯ ಕಾಲದ ಕನ್ನಡ ಫಾಂಟು ಬಿಟ್ಟು ಬೇರೆ ಮುಟ್ಟಿದವನಲ್ಲ. ಆ ಫಾಂಟುಗಳಲ್ಲಿ ‘ಕ’ ಎಂದರೆ ನಿಜವಾಗಿ ‘ಕ’ ಅಲ್ಲ. ಯಾವುದೋ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರುತ್ತಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಫಾಂಟು ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ನಮ್ಮಲ್ಲಿ ತೆಗೆದರೆ ಎಲ್ಲರ ಹೆಸರೂ ಬಾಲ ಕೊಂಬುಗಳಿದ್ದ ಇಂಗ್ಲಿಷ್ ಅಕ್ಷರಗಳ ರಾಶಿ. ಫೋನು ಮಾಡಿದರೆ ಅವನಿಗೇ ಸಿಟ್ಟು.

“ನನ್ನ ಸಿಸ್ಟಮ್‌ದಾಗ ಛಂದ ಕಾಣ್ಲಿಕತ್ತದ್ರಿ. ನಿಮ್ಮ ಸಿಸ್ಟಮೇ ಖರಾಬ ಅದ, ನೋಡ್ರಿ.”

“ಎಲ್ಲಾರೂ ನಿಮ್ಮ ಸಿಸ್ಟಮ್ ಮುಂದೇ ಬಂದು ಓದಬೇಕೇನ್ರಿ?” ಎಂದೆ. ಅವನು ಫೋನಿಟ್ಟ. ನಾನೇ ಎರಡು ದಿನ ಕೂತು ಎಲ್ಲವನ್ನೂ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಉಳಿಯುವ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಎಗರಿಹೋದಲ್ಲಿ ಕೈಯಿಂದ ತಿದ್ದಿ ಸರಿಮಾಡಿದೆ. ವೇಷ ಹಾಕಿದ ಅಕ್ಷರವನ್ನು ಹೀಗೆ ವಾಪಸು ತರಬಹುದು.

ಚಿತ್ತಾಪುರದ್ದು ಇನ್ನೂ ಒಂದು ಕೈ ಮೇಲು. ಅಲ್ಲಿಯವನು ಸರಿಯಾದ ಕನ್ನಡದಲ್ಲೇ ಟೈಪು ಮಾಡಿ, ಫೈಲು ಉಳಿಸುವಾಗ ಮಾತ್ರ ಕನ್ನಡ ಹಿಡಿಸದ ಹಳೆಯ ಬಗೆಯಲ್ಲಿ ಉಳಿಸಿಬಿಟ್ಟಿದ್ದ. ಪ್ರತಿಯೊಂದು ಅಕ್ಷರವೂ ಪ್ರಶ್ನೆಚಿಹ್ನೆ. ನಾನೂರು ಸಾಲು, ಬರೀ ಪ್ರಶ್ನೆಚಿಹ್ನೆ. ಅದರಲ್ಲಿ ವಾಪಸು ತರಲು ಏನೂ ಉಳಿದಿರುವುದಿಲ್ಲ. ಅಕ್ಷರ ಸತ್ತೇ ಹೋಗಿರುತ್ತದೆ. ಮಹಾಶಯ ಫೈಲಿನ ನೆತ್ತಿಯ ಮೇಲೆ, ಮೊದಲ ಸಾಲಿನಲ್ಲಿ ಮಾತ್ರ ಇದು ಯುಟಿಎಫ್-೮, ಅಂದರೆ ಎಲ್ಲ ಭಾಷೆಯೂ ಹಿಡಿಸುವ ಬಗೆ, ಎಂದು ಠೀವಿಯಿಂದ ಬರೆದಿದ್ದ. ಹೊರಗೆ ಸಕ್ಕರೆ ಎಂದು ಬರೆದ ಡಬ್ಬಿಯೊಳಗೆ ಉಪ್ಪು ತುಂಬಿದರೆ ಚಾ ಸಿಹಿಯಾಗುತ್ತದೆಯೇ? ಇದನ್ನು ಹೇಳಿದ್ದಕ್ಕೆ ಮ್ಯಾನೇಜರ್, “ಮೇಡಂ, ಭಾಳ ಡೀಪ್ ಹೋಗಬ್ಯಾಡ್ರಿ” ಎಂದ. ಇಡೀ ಚಿತ್ತಾಪುರವನ್ನು ಅರ್ಜಿಗಳಿಂದ ಮತ್ತೆ ಟೈಪು ಮಾಡಿದೆವು.

ಶಹಾಬಾದದ ಫೈಲಿನಲ್ಲಿ ಮೊದಲ ಸಲ & ಅಡ್ಡ ಬಂತು. ನಮ್ಮೂರಿನವರು ಮನೆ ನಂಬರು ಬರೆಯುವುದಿಲ್ಲ. ಇಂಥವರ & ಸನ್ಸ್ ಕಲ್ಲಿನ ಅಂಗಡಿಯ ಹಿಂದೆ ಎಂದೇ ವಿಳಾಸ. ಯಂತ್ರ ಫೈಲು ಎಸೆಯಿತು, ಎಷ್ಟನೇ ಸಾಲಿನಲ್ಲಿ ತೊಡಕಿದೆ ಎಂದೂ ತೋರಿಸಿತು. ಮ್ಯಾನೇಜರ್ ಬಂದು, ಆ ಸಾಲಿಗೆ ಹೋಗಿ, ಅಲ್ಲಿದ್ದ ಮನುಷ್ಯನನ್ನು ಹೆಸರು ಊರು ಸಮೇತ ಬಳಿದು, ಅಳಿಸಿ, ಮತ್ತೆ ಕಳಿಸಿದ. ಹಸಿರು ಬಂತು.

“ಸರ್, ಆ ಮನುಷ್ಯಾ ಹೋದನಲ್ರಿ!” ಎಂದೆ.

“ಫೈಲ್ ಹೋತಲ್ಲ?” ಎಂದ.

ಥೂ ನಿನ್ನ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವತ್ತು ಸಂಜೆಯ ಗಾಡಿ ಬಿಟ್ಟು ಕೂತು, ಹುಡುಕಿ ಓದಿ, ಈ &amp; ಎಂಬುದನ್ನು ಕಲಿತೆ. ಮರುದಿನ ಆ ಕಲ್ಲಿನ ಅಂಗಡಿ ಹಿಂದಿನವನನ್ನು ವಾಪಸು ಸೇರಿಸಿ, ಮ್ಯಾನೇಜರನ ಪಾಸ್‌ವರ್ಡು ಹಾಕಿಸಿ ಕಳಿಸಿದೆ. ಅವನಿಗೆ ಇದೆಲ್ಲ ಇಂದಿಗೂ ಗೊತ್ತಿಲ್ಲ. ನನಗೆ ಮಾತ್ರ ಆವತ್ತಿನಿಂದ ನೆಲ ಕಾಣಲಿಲ್ಲ. ಈ ಕತ್ತೆಗಳ ನಡುವೆ ನಾನೊಬ್ಬಳೇ ತಿಳಿದವಳು ಎಂದು ಬೀಗಿಕೊಂಡು ತಿರುಗಾಡಿದೆ.

ವಾಡಿಯದು ತಕರಾರಿಲ್ಲದೆ ಹೋಯಿತು. ಕೊನೆಗೆ ಉಳಿದದ್ದು ಚಿಂಚೋಳಿ. ಆ ಕಡೆಯ ಅರ್ಜಿ ತುಂಬಿಸಿಕೊಳ್ಳಲು ನನ್ನನ್ನೇ ಚಿಮ್ಮನಚೋಡಕ್ಕೆ ಕಳಿಸಿದರು. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು, ಹಿಂದೆ ಸಾಲಾಗಿ ಹತ್ತು ಮಂದಿ ಹೆಂಗಸರನ್ನು ಕರೆದುಕೊಂಡು ಬಂದಳು. ಪಡಸಾಲೆ ಹತ್ತುತ್ತಲೇ ಹಿಂದೆ ತಿರುಗಿ ಬೆರಳು ಮಾಡಿ ಎಲ್ಲರನ್ನೂ ಎಣಿಸಿದಳು.

“ನನ್ನ ಹಿಡದು ಹನ್ನೊಂದು ಮಂದಿ ಅದೀವ್ರಿ ಅಕ್ಕಾರ,” ಎಂದಳು.

ಅವಳು ಅಂಗನವಾಡಿಯ ಸಹಾಯಕಿ. ಉಪ್ಪಿಟ್ಟು ಬೇಯಿಸುವುದು, ಮಕ್ಕಳ ಕೈತೊಳೆಸುವುದು, ಕಸ ಹೊಡೆಯುವುದು ಅವಳ ಕೆಲಸ. ಉಳಿದವರು ಅವಳೇ ಹುರಿದುಂಬಿಸಿ ಎಬ್ಬಿಸಿ ತಂದವರು, ಸುತ್ತಲಿನ ಹಳ್ಳಿಗಳ ಸೊಸೆಯಂದಿರು. ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂದು ಕೇಳಿದೆ. ಏಳಕ್ಕೆ, ಎಂದಳು. ಈಗ ಯಾಕೆ ಎಂದೆ.

“ನಮ್ಮ ಸೆಂಟರಿನ ಟೀಚರ್ ಈ ಮಳಿಗಾಲಕ್ಕ ರಿಟೈರ್ ಆಗ್ತಾರ್ರಿ. ಆ ಜಾಗಕ್ಕ ನಾ ಅರ್ಜಿ ಹಾಕಬೇಕಂದ್ರ ಹತ್ತನೇದು ಪಾಸ್ ಆಗಿರಬೇಕು. ಹದಿನಾರು ವರ್ಷ ಆತ್ರಿ, ಆ ಕೂಸುಗೋಳ ಮೂಗು ಒರಸಿದಾಕಿ ನಾನು. ಹಾಡು ಕಲಿಸಿದಾಕಿ ನಾನು. ರಜಿಸ್ಟರ್‌ದಾಗ ಮಾತ್ರ ನಾ ಆಯಾ. ಈ ಸಲ ತಪ್ಪಿತಂದ್ರ ಜಾಗ ಬ್ಯಾರೆಯವರ ಪಾಲು. ಮತ್ತ ನನ್ನ ಜಲ್ಮದಾಗ ಖಾಲಿ ಆಗಂಗಿಲ್ರಿ ಅದು.”

ಅರ್ಜಿಯ ಮೊದಲ ಕಾಲಮ್ಮಿನಲ್ಲೇ ಅವಳು ಪೆನ್ನು ನಿಲ್ಲಿಸಿದಳು.

“ಅಕ್ಕಾರ, ನನಗ ಎರಡು ಹೆಸರು ಅದಾವ್ರಿ. ಸಾಲಿ ಕಾಗದದಾಗ ತವರಿನ ಹೆಸರು, ಆಧಾರದಾಗ ಗಂಡನ ಮನಿ ಹೆಸರು. ಯಾವುದು ಬರೀಲಿ?”

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಈ ಪದ್ಧತಿ ಇದೆ. ಮದುವೆಯಾಗಿ ಬಂದ ಹೆಣ್ಣಿಗೆ ಗಂಡಿನ ಕಡೆಯವರು ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು, ಆ ಅಕ್ಕಿಯಲ್ಲಿ ಹೆಸರು ಬರೆಸುತ್ತಾರೆ. ಇಪ್ಪತ್ತು ವರ್ಷ ಕರೆಸಿಕೊಂಡ ಹೆಸರು ಒಂದು ತಾಟು ಅಕ್ಕಿಗೆ ಮುಗಿಯಿತು. ನನಗೂ ಬರೆದರು. ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡರು, ಹೆಸರು ಮಾತ್ರ ನನ್ನ ಆಧಾರ್ ಕಾರ್ಡಿಗೆ ಅಂಟಿಕೊಂಡಿತು. ಗಂಡಿಗೆ ಯಾರೂ ಯಾವ ಅಕ್ಕಿಯಲ್ಲೂ ಏನೂ ಬರೆಯುವುದಿಲ್ಲ. ಅವನ ಕಾಗದಪತ್ರ ಹುಟ್ಟಿದಂದಿನಿಂದ ಸಾಯುವತನಕ ಒಂದೇ ಹೆಸರಿನಲ್ಲಿ ಸುಖವಾಗಿ ನಡೆಯುತ್ತದೆ. ಆ ಹನ್ನೊಂದು ಮಂದಿಯದೂ ಇದೇ ಗೋಳು.

“ಎರಡೂ ಬರೀರಿ,” ಎಂದೆ.

“ನಡುವ ಉರ್ಫ್ ಅಂತ ಹಾಕ್ಲೇನ್ರಿ?”

“ಉರ್ಫ್ ಬ್ಯಾಡವಾ. ಪೊಲೀಸ್ ಕೇಸಿನ್ಯಾಗ ಕಳ್ಳರ ಹೆಸರು ಹಾಕಿದಂಗ ಕಾಣ್ತದ. ಕೊಡ್ರಿಲ್ಲಿ, ನಾ ಹಾಕ್ತೀನಿ.”

ಹನ್ನೊಂದೂ ಅರ್ಜಿ ತೆಗೆದುಕೊಂಡು, ಎರಡು ಹೆಸರುಗಳ ನಡುವೆ ನನ್ನ ಪ್ರೆಸ್ಸಿನ ಕೈಯಿಂದ, ಸುತ್ತಿ ಸುತ್ತಿ, ಹನ್ನೊಂದು & ಬಿಡಿಸಿದೆ. ಯಂತ್ರಕ್ಕೆ ಅದು ಅಡ್ಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದನ್ನು ದಾಟಿಸುವ ವಿದ್ಯೆಯೂ ಗೊತ್ತಿತ್ತಲ್ಲ, ಆ ಸೊಕ್ಕು. ಅವಳು ಕಾಗದವನ್ನು ದೂರ ಹಿಡಿದು ನೋಡಿ, “ಏನ್ ಛಂದ ಬಂತ್ರಿ, ರಂಗೋಲಿ ಹಾಕಿದಂಗ” ಎಂದಳು. ನನಗೆ ಹಿಗ್ಗೋ ಹಿಗ್ಗು. ಅವರೆಲ್ಲ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿ ಪಲ್ಯ ಬಿಚ್ಚಿ ನನಗೂ ಹಾಕಿದರು. ಹೋಗುವಾಗ ಬಸ್ಸು ಹತ್ತಿಸುವ ಮುಂಚೆ ಅವಳು ಮತ್ತೊಮ್ಮೆ ಎಲ್ಲರನ್ನೂ ಎಣಿಸಿದಳು.

ಚಿಂಚೋಳಿ ಫೈಲಿನಲ್ಲಿ ಒಟ್ಟು ಅರವತ್ತನಾಲ್ಕು ಮಂದಿ. ನಾನೇ ಟೈಪು ಮಾಡಿದೆ, ಯೂನಿಕೋಡಿನಲ್ಲೇ ಉಳಿಸಿದೆ, ಹನ್ನೊಂದು ಕಡೆ &amp; ಹಾಕಿದೆ. ತಪಾಸಣೆಗೆ ಹಾಕಿದರೆ ಒಂದೇ ಸಲಕ್ಕೆ ಸರಿ ಎಂದಿತು. ಕಳಿಸುವ ಪಾಸ್‌ವರ್ಡು ಮ್ಯಾನೇಜರನ ಹತ್ತಿರ ಮಾತ್ರ ಇತ್ತು. ಫೈಲನ್ನು ಅವನಿಗೆ ಒಪ್ಪಿಸಿ, ಗಾಡಿ ಹೊತ್ತಾಯಿತೆಂದು ಸ್ಟೇಷನ್ನಿಗೆ ನಡೆದೆ.

ನಾನು ಹೋದಮೇಲೆ ಏನಾಯಿತೆಂಬುದು ನನಗೆ ಆಮೇಲೆ, ಯಂತ್ರ ಎಸೆದವನ್ನೂ ಸೇರಿಸಿ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು. ಮಹಾರಾಯ ಕಳಿಸುವ ಮುಂಚೆ, ಜನ್ಮದಲ್ಲಿ ಮೊದಲ ಬಾರಿಗೆ, ಫೈಲು ತೆರೆದು ಓದಿದ್ದಾನೆ. ಹೆಸರುಗಳ ನಡುವೆ ಈ &amp; ಕಂಡಿದೆ. ಇದೇನೋ ಕಸ ಸೇರಿಕೊಂಡಿದೆ, ಹುಡುಕಿ ತೆಗೆಯೋಣ ಎಂದು & ಒಂದನ್ನು ಬಿಟ್ಟು ಅದರ ಹಿಂದಿನ ಬಾಲವನ್ನೆಲ್ಲ ಒಂದೇ ಏಟಿಗೆ ಅಳಿಸಿದ್ದಾನೆ. ಈಗ ಬೋಳು & ಉಳಿಯಿತು. ಯಂತ್ರ ಫೈಲು ಎಸೆಯಿತು. ಸಾಲು ತೋರಿಸಿತು. ಇವನು ಆ ಸಾಲಿನವಳನ್ನು ಅಳಿಸಿದ. ಮತ್ತೆ ಎಸೆಯಿತು, ಮತ್ತೊಬ್ಬಳನ್ನು ಅಳಿಸಿದ. ಹೀಗೆ ಹನ್ನೊಂದು ಸಲ. ಹನ್ನೊಂದನೆಯದಕ್ಕೆ ಹಸಿರು ಬಂತು.

ಒಂದು ಸಲವೂ ಅವನ ಕೈ ತಡೆಯಲಿಲ್ಲವೇ ಎಂದು ನಾನು ಬಹಳ ದಿನ ಬೈದುಕೊಂಡೆ. ಬೈಯುವುದು ಸುಲಭವಿತ್ತು. ಮರುದಿನ ಮುಂಜಾನೆ ನಡೆದದ್ದನ್ನು ನೆನೆಸಿಕೊಳ್ಳುವುದೇ ಕಷ್ಟ. ನಾನು ಖೋಲಿಯೊಳಗೆ ಕಾಲಿಡುತ್ತಲೇ ಅವನು, “ಮೇಡಂ, ನಿಮ್ಮ ಫೈಲಿನಾಗ ಭಾಳ ಕಚರಾ ಇತ್ರಿ. ಎಲ್ಲಾ ತಗದು ಸಾಫ್ ಮಾಡಿ ಕಳಿಸೀನಿ” ಎಂದ. ಪರದೆ ನನ್ನ ಕಡೆ ತಿರುಗಿಸಿ ಹಸಿರು ಗುರುತು ತೋರಿಸಿದ.

ನನ್ನ ಫೈಲಿನಲ್ಲಿ ಕಚರಾ! ಇವನು ನನಗೆ ಹೇಳುವುದೇ! ನನಗೆ ಉರಿದುಹೋಯಿತು. ಆ ಉರಿಯಲ್ಲಿ, ಏನು ಕಚರಾ, ಎಲ್ಲಿತ್ತು, ಏನು ತೆಗೆದಿ ಎಂದು ಒಂದು ಮಾತು ಕೇಳಲಿಲ್ಲ. ಇವನಂಥವನ ಜೊತೆ ಏನು ಮಾತು ಎಂದು ಮುಖ ತಿರುಗಿಸಿಕೊಂಡು ನನ್ನ ಕುರ್ಚಿಗೆ ಹೋದೆ. ತಿದ್ದಿ ಕಳಿಸಲು ಇನ್ನೂ ಎರಡು ದಿನ ಅವಕಾಶವಿತ್ತು. ಹಸಿರು ಬಂದಿತ್ತಲ್ಲ, ನಾನೂ ಚಾ ಕುಡಿದೆ.

ಹಾಲ್ ಟಿಕೆಟ್ ಬಂದವು. ಪರೀಕ್ಷೆಗೆ ಆರು ದಿನ ಇರುವಾಗ ಅವಳು ವಾಡಿಯ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಚಿಮ್ಮನಚೋಡದಿಂದ ಕಾಳಗಿ, ಅಲ್ಲಿಂದ ಚಿತ್ತಾಪುರ, ಅಲ್ಲಿಂದ ವಾಡಿ, ಮೂರು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಹನ್ನೊಂದು ಅರ್ಜಿಗಳ ಝೆರಾಕ್ಸು.

“ಕುಂದ್ರಿ ಅಕ್ಕಾ,” ಎಂದೆ. ಕೂರಲಿಲ್ಲ.

“ನಮ್ಮ ಹನ್ನೊಂದು ಮಂದ್ಯಾಗ ಒಬ್ಬಾಕಿಗೂ ಟಿಕೆಟ್ ಬಂದಿಲ್ರಿ. ಉಳದವರಿಗೆಲ್ಲಾ ಬಂದಾವ. ನಾವೇನ್ ತಪ್ಪು ಮಾಡೀವ್ರಿ?”

ಮ್ಯಾನೇಜರ್ ಕಂಪ್ಯೂಟರಿನಲ್ಲಿ ಏನೋ ಒತ್ತಿದಂತೆ ಮಾಡಿ, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ, “ನಿಮ್ಮ ಹೆಸರಿನಾಗೇ ದೋಷ ಇತ್ತಮ್ಮಾ. ಸಿಸ್ಟಮ್ ತಗೊಳ್ಳಿಲ್ಲ. ನಮ್ಮ ಕೈಯಾಗ ಏನೂ ಇಲ್ಲ” ಎಂದ.

ಅವಳು ಚೀಲದಿಂದ ತನ್ನ ಅರ್ಜಿಯ ಝೆರಾಕ್ಸು ತೆಗೆದು ಅವನ ಮುಂದೆ ಹರವಿ, ಹೆಸರಿನ ಮೇಲೆ ಬೆರಳಿಟ್ಟಳು. “ಈ ಹೆಸರು ನಮ್ಮ ಅವ್ವ ಅಪ್ಪ ಇಟ್ಟಿದ್ದು. ಈ ಹೆಸರು ನನ್ನ ಗಂಡನ ಮನಿಯವರು ಇಟ್ಟಿದ್ದು.” ಆಮೇಲೆ ಬೆರಳನ್ನು ನಡುವಿನ ಗುರುತಿನ ಮೇಲೆ ಎಳೆದಳು. “ಇದು ಈ ಅಕ್ಕಾರು ಹಾಕಿದ್ದು. ಇದರಾಗ ನಾ ಹಾಕಿದ್ದು ಯಾವುದೂ ಇಲ್ರಿ. ನನ್ನ ದೋಷ ಎಲ್ಲದ?”

ನಾನು ಉಳಿಸಿಟ್ಟಿದ್ದ ಫೈಲು, ಅವನು ಕಳಿಸಿದ ಫೈಲು ಎರಡನ್ನೂ ತೆರೆದೆ. ಒಂದರಲ್ಲಿ ಅರವತ್ತನಾಲ್ಕು, ಇನ್ನೊಂದರಲ್ಲಿ ಐವತ್ತಮೂರು. ನೋಡಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷವನ್ನು ನಾನು ಅವನು ಹಸಿರು ತೋರಿಸಿದ ಆ ಮುಂಜಾನೆ ಕೊಟ್ಟಿರಲಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿದೆ, ಕಚರಾ ಎಂದದ್ದು, ನಾನು ಕೇಳದೆ ಬಿಟ್ಟದ್ದು, ಎಲ್ಲ. ಮ್ಯಾನೇಜರ್ ನಡುವೆ ಬಾಯಿ ಹಾಕಿ, “ಮೇಡಂ, ಒಳಗಿನ ಮಾತು ಹೊರಗ್ಯಾಕ?” ಎಂದ. ಬಾಯಿ ಮುಚ್ಚಿಕೊಂಡು ಕೂರು ಎಂದೆ. ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳಿಗೆ ಅರ್ಥವಾಗದ್ದು ಒಂದೇ ಒಂದು.

“ಹನ್ನೊಂದು ಮಂದಿ ಕಡಿಮಿ ಆಗ್ಯಾರ ಅಂದ್ರ ನೀವು ಎಣಿಸಲೇ ಇಲ್ಲೇನ್ರಿ?” ಎಂದಳು. “ನಮ್ಮಲ್ಲಿ ಮುಂಜಾನಿ ಮೂವತ್ತು ಕೂಸು ಬಂದ್ವು ಅಂದ್ರ, ಮನಿಗೆ ಕಳಸೋ ಮುಂದ ಮೂವತ್ತು ಎಣಿಸೇ ಬಾಗಲಾ ಹಾಕ್ತೀವ್ರಿ. ಒಂದು ಕಡಿಮಿ ಬಿತ್ತಂದ್ರ ಊರೆಲ್ಲಾ ಹುಡುಕ್ತೀನಿ. ಏಳನೇತ್ತೆ ಕಲತಾಕಿ ನಾನು. ನೀವು ಇಷ್ಟು ಕಲತವರು ಎಣಸಂಗಿಲ್ಲೇನ್ರಿ?”

ಮ್ಯಾನೇಜರ್ ಫೋನು ನೋಡುತ್ತಿದ್ದ.

ಅವತ್ತೇ ಅವಳನ್ನು ಕರೆದುಕೊಂಡು ಕಲಬುರಗಿಗೆ ಹೋದೆ. ತಪ್ಪು ನಮ್ಮದು, ಅಭ್ಯರ್ಥಿಗಳದಲ್ಲ ಎಂದು ಗಾಡಿಯಲ್ಲೇ ಕೂತು ಕೈಬರಹದಲ್ಲಿ ಬರೆದು ಸಹಿ ಮಾಡಿದ್ದೆ. ಮೇಲಿನವರಲ್ಲಿ ಒಬ್ಬರು ಅದನ್ನು ಓದಿದರು, ಎರಡೂ ಫೈಲಿನ ಪಟ್ಟಿ ನೋಡಿದರು, ಪಾಪ ಎಂದರು. “ಬಂದ ಫೈಲಿನಾಗ ಇಲ್ಲಂದ್ರ ನಮ್ಮ ಲೆಕ್ಕದಾಗ ಅವರು ಅರ್ಜಿನೇ ಹಾಕಿಲ್ರಿ. ಈಗೇನೂ ಮಾಡ್ಲಿಕ್ಕ ಬರಂಗಿಲ್ಲ. ಮುಂದಿನ ಸಲ ಕಟ್ಟಸ್ರಿ,” ಎಂದರು. ಅವಳು ಆ ಎರಡು ಪಟ್ಟಿಗಳನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಏನಾದರೂ ಉಣ್ಣೋಣ ಎಂದರೆ ಒಲ್ಲೆ ಎಂದಳು. ಹನ್ನೊಂದು ಮನೆಗೆ ಹೋಗಿ ಹೇಳಬೇಕಲ್ಲ, ಹೊತ್ತಾಗುತ್ತದೆ ಎಂದಳು.

ಆ ತಿಂಗಳೇ ನಾನು ವಾಡಿ ಬಿಟ್ಟೆ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಐದೂ ಊರಿನ ಫೈಲನ್ನು 'ಯಶಸ್ವಿಯಾಗಿ' ಕಳಿಸಿದ್ದಕ್ಕೆ ಅವನಿಗೆ ಏಳನೆಯ ಸರ್ಟಿಫಿಕೇಟು ಬಂತೆಂದು ಕೇಳಿದೆ. ನಾನು ಸೇಡಂನಲ್ಲಿ ಇಂಥದ್ದೇ ಇನ್ನೊಂದು ಆಫೀಸು ಸೇರಿದೆ. ಬಂದ ವಿದ್ಯೆ ಅದೊಂದೇ, ಮತ್ತೇನು ಮಾಡಲಿ. ಅಲ್ಲಿ ನನಗೆ ಭಾರೀ ಮರ್ಯಾದೆ. ಯಾವ ಅಕ್ಷರ ಕೆಟ್ಟರೂ ‘ಮೇಡಂ ಕೇಳ್ರಿ’ ಎನ್ನುತ್ತಾರೆ. ಹೊಸದಾಗಿ ಬಂದವರಿಗೆ ನಾನು ಮೊದಲ ದಿನವೇ ಈ ಕಥೆ ಹೇಳುತ್ತೇನೆ. ಸಾಲು ಅಳಿಸಬೇಡಿ, ಸಾಲೆಂದರೆ ಮನುಷ್ಯ ಎಂದು ಹೇಳುತ್ತೇನೆ. ಕಳಿಸಿದ ಮೇಲೆ ಎಣಿಸಿ ಎನ್ನುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

ಎರಡು ವರ್ಷದ ಮೇಲೆ, ಯಾವುದೋ ಕೆಲಸಕ್ಕೆ ಕಾಳಗಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಕಂಬದ ಮರೆಗೆ ಸರಿಯಬೇಕೆಂದಿದ್ದೆ, ಅವಳೇ ಕಂಡು ಹತ್ತಿರ ಬಂದಳು.

“ಆರಾಮ ಅದೀರೇನ್ರಿ ಅಕ್ಕಾರ?”

“ಪರೀಕ್ಷಾ ಕಟ್ಟಿದ್ರೇನು?” ಎಂದು ಕೇಳಿದೆ. ಕೇಳುವಾಗ ಅವಳ ಮುಖ ನೋಡಲಾಗಲಿಲ್ಲ.

“ಮುಂದಿನ ಸಲಕ್ಕ ಕಟ್ಟಿ ಪಾಸ್ ಆದೆನ್ರಿ. ನಾಕು ಮಂದಿ ಕಟ್ಟಿದ್ವಿ. ಉಳದವರಿಗೆ ಮನ್ಯಾಗ ಬಿಡಲಿಲ್ಲ. ಒಂದು ಸಲ ನಾಚಿಗಿಗೇಡ ಆಗೇದ, ಸಾಕು ಅಂದ್ರು.”

“ಮತ್ತ ಆ ಜಾಗ?”

“ಅದು ಅದೇ ಮಳಿಗಾಲಕ್ಕ ತುಂಬಿತ್ರಿ. ಸಣ್ಣ ಹುಡುಗಿ ಬಂದಾಳ, ಛಲೋ ಅದಾಳ. ಕೂಸುಗೋಳು ಆಕಿ ಮಾತು ಕೇಳಂಗಿಲ್ಲ. ಹ್ಯಾಂಗ ಸಂಬಾಳಸಬೇಕು ಅಂತ ನಾನೇ ಕಲಿಸ್ಲಿಕತ್ತೀನಿ.”

ಮಾಫ್ ಮಾಡು ಎನ್ನುವ ಮಾತು ಅವಳೆದುರು ಬಹಳ ಅಗ್ಗವೆನಿಸಿತು. ಅಷ್ಟರಲ್ಲಿ ಚಿಂಚೋಳಿ ಬಸ್ಸು ಬಂತು. ಅವಳು ಸೆರಗು ಸರಿಮಾಡಿಕೊಂಡು, ಚೀಲ ಹೆಗಲಿಗೇರಿಸಿ, ಒಂದು ಮೆಟ್ಟಿಲು ಹತ್ತಿ ಹಿಂದೆ ತಿರುಗಿದಳು.

“ಇನ್ನೂ ಅದೇ ಕೆಲಸ ಮಾಡ್ತೀರೇನ್ರಿ?”

“ಹೌದು.”

“ಈಗ ಎಣಸ್ತೀರಲ್ರಿ?”

“ಎಣಸ್ತೀನಿ,” ಎಂದೆ.

ಆಗಲಿ ಎಂಬಂತೆ ತಲೆಯಾಡಿಸಿ ಒಳಗೆ ಹೋದಳು. ಬಸ್ಸು ತಿರುವು ದಾಟುವತನಕ ನಿಂತಿದ್ದೆ. ಹಿಂದಿನ ದಿನ ಸಂಜೆ ಸೇಡಂ ಆಫೀಸಿನಿಂದ ಎರಡು ಫೈಲು ಕಳಿಸಿದ್ದೆ. ಎರಡಕ್ಕೂ ಹಸಿರು ಬಂದಿತ್ತು. ನಾನು ಎಣಿಸಿರಲಿಲ್ಲ.